ಚೈನ್ ಹಿಗ್ಗುವುದಿಲ್ಲ, ಫ್ರೇಮ್ ಮೆತ್ತಗಾಗುವುದಿಲ್ಲ

ಧಾರವಾಡದ ಓದುಗರೊಬ್ಬರ ಬಳಿ ಸುಮಾರು 30 ವರ್ಷ ಹಳೆಯ ರೇಸ್ ಸೈಕಲ್ ಇದೆ. ಉಕ್ಕಿನ ಫ್ರೇಮು, ಬಾಗಿದ ಹ್ಯಾಂಡಲ್, ತೆಳು ಟೈರು, ಹಿಂದೆ ಏಳು ಗೇರು. ಅಣ್ಣ ಓಡಿಸಿದ್ದು, ಆಮೇಲೆ ಇವರು ಓಡಿಸಿದ್ದು, ಈಗ ಮಗಳು ಕೇಳುತ್ತಿದ್ದಾಳೆ. ಆದರೆ ಏರು ಬಂದಾಗ ಎದ್ದು ನಿಂತು ತುಳಿದರೆ ಚೈನ್ ಟಕ್ಕನೆ ಜಾರಿ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತದೆ. ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿಯವರು ಸೈಕಲ್ಲನ್ನು ಒಮ್ಮೆ ಅಲುಗಾಡಿಸಿ ನೋಡಿ ತೀರ್ಪು ಕೊಟ್ಟರಂತೆ: "ಫ್ರೇಮ್ ಮೆತ್ತಗಾಗೈತ್ರಿ ಸರ, ಚೈನ್ ಹಿಗ್ಗೈತಿ. ಇದಕ್ಕ ರೊಕ್ಕ ಸುರೀಬ್ಯಾಡ್ರಿ, ಹೊಸಾದ್ ತೊಗೋರಿ." ಹೊಸದು ಕೊಳ್ಳಬೇಕೋ, ಇದನ್ನೇ ಸರಿಮಾಡಿಸಬೇಕೋ ಎಂಬುದು ಓದುಗರ ಪ್ರಶ್ನೆ.

ಅಂಗಡಿಯವರ ಮಾತಿನಲ್ಲಿ ಎರಡು ರೋಗಗಳ ಹೆಸರಿದೆ. ಎರಡೂ ಇಲ್ಲದ ರೋಗಗಳು.

ಸೈಕಲ್ ಇಡಿಯಾಗಿ ಮುಪ್ಪಾಗುವುದಿಲ್ಲ. ಅದರ ಒಂದೊಂದು ಭಾಗಕ್ಕೂ ಬೇರೆ ಬೇರೆ ಆಯಸ್ಸು. ಬ್ರೇಕ್ ಶೂ ಒಂದೇ ಮಳೆಗಾಲಕ್ಕೆ ಮುಗಿಯಬಹುದು. ಚೈನ್ ಕೆಲವು ಸಾವಿರ ಕಿಲೋಮೀಟರ್ ಬಾಳುತ್ತದೆ, ರಿಮ್ಮು ಅದಕ್ಕಿಂತ ಹೆಚ್ಚು. ಒಳ್ಳೆಯ ಫ್ರೇಮು ಇವೆಲ್ಲವನ್ನೂ ಹಲವು ಸಲ ಬದಲಿಸಿಕೊಂಡು ದಶಕಗಳ ಕಾಲ ನಿಲ್ಲುತ್ತದೆ. ಆದ್ದರಿಂದ ಸೈಕಲ್ ಎಷ್ಟು ಹಳತು ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಭಾಗ ಮುಗಿದಿದೆ ಎಂದು ಅಳೆದು ನೋಡಬೇಕು.

ಮೊದಲು ಚೈನನ್ನೇ ನೋಡೋಣ. ಸ್ವಿಟ್ಜರ್ಲೆಂಡಿನಿಂದ ಬಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ ಎಂಬ ಎಂಜಿನಿಯರ್ 1880ರಲ್ಲಿ ರೋಲರ್ ಚೈನಿಗೆ ಪೇಟೆಂಟ್ ಪಡೆದರು. ಇವತ್ತಿಗೂ ಸೈಕಲ್ ಚೈನಿನ ತತ್ವ ಅದೇ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹಾಲಿನ ಕ್ಯಾನು ಹೊರುವ ಸೈಕಲ್ಲಿಗೂ ಲಕ್ಷಾಂತರ ರೂಪಾಯಿಯ ರೇಸ್ ಸೈಕಲ್ಲಿಗೂ ಈ ಅಳತೆ ಒಂದೇ.

ಈ ಚೈನ್ ನಿಜಕ್ಕೂ ಹಿಗ್ಗಬೇಕಾದರೆ ಎಷ್ಟು ಬಲ ಬೇಕು? 70 ಕಿಲೋ ತೂಕದ ಸವಾರರೊಬ್ಬರು 170 ಮಿ.ಮೀ. ಉದ್ದದ ಕ್ರ್ಯಾಂಕಿನ ತುದಿಯ ಪೆಡಲ್ ಮೇಲೆ ಪೂರ್ತಿ ಭಾರ ಬಿಟ್ಟು ನಿಂತರು ಎನ್ನಿ. ಪೆಡಲಿನ ಬಳಿಯ ಹಲ್ಲಿನ ಚಕ್ರದಲ್ಲಿ 42 ಹಲ್ಲುಗಳಿದ್ದರೆ ಅದರ ತ್ರಿಜ್ಯ ಸುಮಾರು 85 ಮಿ.ಮೀ., ಕ್ರ್ಯಾಂಕಿನ ಅರ್ಧ. ಸನ್ನೆಗೋಲಿನ ಲೆಕ್ಕದಂತೆ ಚೈನಿನ ಮೇಲೆ ಬೀಳುವ ಎಳೆತ ಸವಾರರ ತೂಕದ ಎರಡು ಪಟ್ಟು, 140 ಕಿಲೋ ಆಸುಪಾಸು. ಗೇರ್ ಸೈಕಲ್ಲಿನ ಒಳ್ಳೆಯ ಚೈನ್ 800 ಕಿಲೋ ಎಳೆತಕ್ಕೂ ತುಂಡಾಗದಂತೆ ತಯಾರಾಗಿರುತ್ತದೆ. ಅದರ ಉಕ್ಕಿನ ಪಟ್ಟಿಗಳನ್ನು ರಬ್ಬರಿನಂತೆ ಎಳೆದು ಉದ್ದ ಮಾಡುವ ಕಾಲು ಮನುಷ್ಯರಿಗಿಲ್ಲ.

ಆದರೂ ಹಳೆಯ ಚೈನನ್ನು ಹೊಸದರ ಪಕ್ಕ ನೇತುಹಾಕಿದರೆ ಹಳೆಯದು ಕೆಳಕ್ಕೆ ಇಳಿದಿರುವುದು ಕಣ್ಣಿಗೇ ಕಾಣುತ್ತದೆ. ಆ ಉದ್ದ ಎಲ್ಲಿಂದ ಬಂತು? ಈ ಇಡೀ ಕತೆಯಲ್ಲಿ ಅತ್ಯಂತ ಸೊಗಸಾದ ಸಂಗತಿ ಇದು. ಚೈನಿನ ಕೊಂಡಿಗಳು ಹೊರಪಟ್ಟಿ, ಒಳಪಟ್ಟಿ ಎಂದು ಒಂದು ಬಿಟ್ಟು ಒಂದು ಬರುತ್ತವೆ. ಪಿನ್ನುಗಳನ್ನು ಗಟ್ಟಿಯಾಗಿ ಹಿಡಿದಿರುವುದು ಹೊರಪಟ್ಟಿ. ಆ ಪಿನ್ನು ತಿರುಗುವುದು ಒಳಪಟ್ಟಿಯ ತೂತಿನ ಗೋಡೆಗೆ ಉಜ್ಜಿಕೊಂಡು. ಚೈನ್ ಹಲ್ಲಿನ ಚಕ್ರವನ್ನು ಸುತ್ತಿ ಹೊರಬರುವಾಗಲೆಲ್ಲ ಪ್ರತಿ ಕೀಲೂ ಒಮ್ಮೆ ಮಡಿಸಿ ಒಮ್ಮೆ ನೆಟ್ಟಗಾಗಬೇಕು. ಒಂದೊಂದು ಮಡಿಕೆಗೂ ಪಿನ್ನಿನಿಂದ ಒಂದಿಷ್ಟು, ತೂತಿನ ಗೋಡೆಯಿಂದ ಒಂದಿಷ್ಟು ಉಕ್ಕು ಉಜ್ಜಿ ಹೋಗುತ್ತದೆ. ಕೀಲು ಸಡಿಲವಾಗುತ್ತದೆ. ಎಳೆದಾಗ ಆ ಸಡಿಲವೆಲ್ಲ ಒಟ್ಟುಗೂಡಿ ಉದ್ದವಾಗಿ ಕಾಣುತ್ತದೆ.

ಒಂದು ಕೀಲಿನಲ್ಲಿ ಸವೆಯುವುದು ಎಷ್ಟು? ಎಂಟರಿಂದ ಹತ್ತು ಗೇರಿನ ಚೈನನ್ನು ಶೇ 0.75ರಷ್ಟು ಉದ್ದವಾದಾಗ ಬದಲಿಸುವುದು ವಾಡಿಕೆ. 12.7 ಮಿ.ಮೀ.ಗೆ ಶೇ 0.75 ಎಂದರೆ 0.095 ಮಿ.ಮೀ. ನೋಟ್‌ಪುಸ್ತಕದ ಒಂದು ಹಾಳೆಯ ದಪ್ಪ! ಅಷ್ಟೇ ಸವೆತ 110 ಕೀಲುಗಳಲ್ಲಿ ಕೂಡಿಕೊಂಡಾಗ ಚೈನ್ ಒಟ್ಟಾರೆ ಒಂದು ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಇನ್ನೂ ವಿಚಿತ್ರವೆಂದರೆ ಈ ಸವೆತ ಎಲ್ಲ ಕಡೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ಒಳಪಟ್ಟಿಯ ಎರಡು ರೋಲರುಗಳ ನಡುವಿನ ಅಂತರ ಕೊನೆಯವರೆಗೂ 12.7 ಮಿ.ಮೀ. ಆಗಿಯೇ ಉಳಿಯುತ್ತದೆ. ಹೊರಪಟ್ಟಿಯ ಎರಡೂ ತುದಿಯ ಕೀಲುಗಳ ಸಡಿಲ ಅದೊಂದರ ಮೇಲೇ ಬಿದ್ದು, ಅಲ್ಲಿನ ಅಂತರ ಎರಡು ಹಾಳೆಯಷ್ಟು ಬೆಳೆಯುತ್ತದೆ. ಅಂದರೆ ಸವೆದ ಚೈನಿನಲ್ಲಿ ಸರಿ, ತಪ್ಪು, ಸರಿ, ತಪ್ಪು ಎಂದು ಅಳತೆಗಳು ಸಾಲಾಗಿ ನಿಂತಿರುತ್ತವೆ.

ಇಂಥ ಚೈನಿನ ರೋಲರು ಹಲ್ಲಿನ ಬುಡದಲ್ಲಿ ಕೂರಲಾರದೆ ಮೇಲಕ್ಕೆ ಏರಿ ಕೂರುತ್ತದೆ. ಹಾಗೇ ಓಡಿಸುತ್ತಿದ್ದರೆ ಹಲ್ಲುಗಳೂ ಸವೆದು ಕೊಕ್ಕೆಯಂತಾಗುತ್ತವೆ. ಆಮೇಲೆ ಬರೀ ಹೊಸ ಚೈನ್ ಹಾಕಿದರೆ ಸರಿಯಳತೆಯ ಹೊಸ ಚೈನು ಕೆಟ್ಟ ಅಳತೆಯ ಹಲ್ಲಿಗೆ ಹೊಂದದೆ ಜಾರುತ್ತದೆ. ಧಾರವಾಡದವರ ಮೊಣಕಾಲಿಗೆ ಬೀಳುತ್ತಿರುವ ಪೆಟ್ಟಿನ ಮೂಲ ಬಹುಮಟ್ಟಿಗೆ ಇಲ್ಲೇ. ಚೈನ್ ಮತ್ತು ಫ್ರೀವೀಲ್ (ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು) ಎರಡನ್ನೂ ಒಟ್ಟಿಗೆ ಬದಲಿಸಿದರೆ ಅದು ನಿಲ್ಲುತ್ತದೆ.

ಇದನ್ನು ಪರೀಕ್ಷಿಸಲು ಶಾಲೆಯ ಸ್ಟೀಲ್ ಸ್ಕೇಲ್ ಸಾಕು. ಪೆಡಲನ್ನು ಮುಂದಕ್ಕೆ ಒತ್ತಿಹಿಡಿದು ಚೈನನ್ನು ಬಿಗಿಮಾಡಿ. ಇಂಚಿನ ಬದಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. ಹೊಸ ಚೈನಾದರೆ, ಆ ಪಿನ್ನನ್ನು ಬಿಟ್ಟು ಎಣಿಸಿದಾಗ ಸಿಗುವ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರುತ್ತದೆ. ಪಿನ್ನು ಗೆರೆ ದಾಟಿ ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಆಚೆ ಇದ್ದರೆ ಶೇ 0.5 ಸವೆದಿದೆ, ಚೈನ್ ಮಾತ್ರ ಬದಲಿಸಿದರೆ ಸಾಕು. ಎಂಟನೇ ಒಂದು ಭಾಗ ಆಚೆ ಹೋಗಿದ್ದರೆ ಶೇ 1 ಮುಗಿದಂತೆ, ಫ್ರೀವೀಲೂ ಹೋಗಿರುತ್ತದೆ. 11, 12 ಗೇರಿನ ಈಗಿನ ಸೈಕಲ್ಲುಗಳಲ್ಲಿ ಶೇ 0.5ಕ್ಕೇ ಚೈನ್ ಬದಲಿಸಬೇಕು.

ಎಣ್ಣೆಯ ವಿಷಯದಲ್ಲಂತೂ ಗದರಿಸಿಯೇ ಹೇಳಬೇಕಾದ ಮಾತಿದೆ. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು ಚೈನಿನ ದಕ್ಷತೆಯನ್ನು ಪ್ರಯೋಗಾಲಯದಲ್ಲಿ ಅಳೆದರು. ಒಳ್ಳೆಯ ಸ್ಥಿತಿಯಲ್ಲಿ ಅದು ಶೇ 98.6ರವರೆಗೆ ಮುಟ್ಟಿತು. ಯಾವ ಎಣ್ಣೆ ಹಾಕಿದರೂ, ಎಣ್ಣೆಯನ್ನೇ ತೆಗೆದರೂ ದಕ್ಷತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗಾಲಯದಲ್ಲಿ ದೂಳಿರಲಿಲ್ಲ, ಹೊರಗೆ ಎಣ್ಣೆಯ ಮುಖ್ಯ ಕೆಲಸ ಕೀಲಿನ ಸಂದಿಯಲ್ಲಿ ಜಾಗ ಹಿಡಿದು ದೂಳನ್ನು ತಡೆಯುವುದಿರಬೇಕು ಎಂದು ಸ್ಪೈಸರ್ ಅಭಿಪ್ರಾಯಪಟ್ಟರು. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಮೋಟಾರ್‌ಸೈಕಲ್ಲಿನಿಂದ ಇಳಿಸಿದ ಕರಿ ಆಯಿಲನ್ನು ಚೈನಿನ ಮೇಲೆ ಧಾರಾಳವಾಗಿ ಸುರಿಯುತ್ತಾರೆ. ಅದರಲ್ಲಿ ಲೋಹದ ಪುಡಿ ಮೊದಲೇ ಇರುತ್ತದೆ, ರಸ್ತೆಯ ಮಣ್ಣು ಬಂದು ಕೂಡಿಕೊಂಡರೆ ಅರೆಯುವ ಹಿಟ್ಟು ಸಿದ್ಧ. ಪ್ರತಿ ರೋಲರಿಗೆ ಒಂದೇ ಹನಿ ಹಾಕಿ, ಪೆಡಲ್ ತಿರುಗಿಸಿ, ಆಮೇಲೆ ಹೊರಗಿನದೆಲ್ಲವನ್ನೂ ಬಟ್ಟೆಯಿಂದ ಒರೆಸಿಬಿಡಬೇಕು. ಹೊರಗೆ ಮಿನುಗುವ ಎಣ್ಣೆ ಚೈನಿಗೆ ಶತ್ರು.

ಇನ್ನು "ಮೆತ್ತಗಾದ" ಫ್ರೇಮು. ಒಂದು ಲೋಹ ಎಷ್ಟು ಬಲಕ್ಕೆ ಎಷ್ಟು ಬಾಗುತ್ತದೆ ಎಂಬುದು ಅದರ ಹುಟ್ಟುಗುಣ. ಉಕ್ಕಿನ ಈ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 200 ಗಿಗಾಪಾಸ್ಕಲ್. ಸಾವಿರ ಗುಂಡಿ ಹಾರಿಸಿದರೂ, 30 ವರ್ಷ ತುಳಿದರೂ ಅದು ಕಡಿಮೆಯಾಗುವುದಿಲ್ಲ. ಸೈಕಲ್ ಮೆತ್ತಗೆ ಅನಿಸುತ್ತಿದ್ದರೆ ಸಡಿಲಾದ ಕಡ್ಡಿಗಳನ್ನು, ಸವೆದ ಬೇರಿಂಗುಗಳನ್ನು, ಗಾಳಿ ಇಳಿದ ಟೈರನ್ನು ನೋಡಬೇಕು.

ಫ್ರೇಮು ಮೆತ್ತಗಾಗದಿದ್ದರೂ ದಣಿದು ಬಿರುಕು ಬಿಡಬಹುದು. ಈ ಲೋಹದ ದಣಿವನ್ನು ಮೊದಲು ಕ್ರಮವಾಗಿ ಅಳೆದವರು ಪ್ರಷ್ಯದ ರೈಲ್ವೆಯ ಎಂಜಿನಿಯರ್ ಆಗಸ್ಟ್ ವೋಲರ್. ರೈಲಿನ ಅಚ್ಚುಗಳು ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತಿದ್ದ ಕಾಲ ಅದು. 1850 ಮತ್ತು 60ರ ದಶಕಗಳಲ್ಲಿ ಅವರು ಲೋಹದ ತುಂಡುಗಳನ್ನು ಲಕ್ಷಾಂತರ ಸಲ ಬಾಗಿಸಿ ನೋಡಿದರು. ಒಂದು ಮಿತಿಯ ಕೆಳಗಿನ ಬಲಕ್ಕೆ ಉಕ್ಕು ಎಷ್ಟು ಸಲ ಬಾಗಿದರೂ ಮುರಿಯುವುದಿಲ್ಲ ಎಂದು ಕಂಡಿತು. ಅಲ್ಯೂಮಿನಿಯಮ್ಮಿಗೆ ಇಂಥ ಸ್ಪಷ್ಟ ಮಿತಿಯಿಲ್ಲ. ಅದಕ್ಕೇ ಅಲ್ಯೂಮಿನಿಯಂ ಫ್ರೇಮಿನ ಕೊಳವೆಗಳನ್ನು ದಪ್ಪಗೆ ಮಾಡಿ, ಬೀಳುವ ಒತ್ತಡವನ್ನೇ ತಗ್ಗಿಸುತ್ತಾರೆ.

ಹಾಗೆಂದು ಉಕ್ಕೆಲ್ಲ ಚಿರಂಜೀವಿ ಎಂದು ನಂಬುವಂತೆಯೂ ಇಲ್ಲ. 1997ರಲ್ಲಿ ಜರ್ಮನಿಯ "ಟೂರ್" ಪತ್ರಿಕೆ 12 ದುಬಾರಿ ರೇಸ್ ಫ್ರೇಮುಗಳನ್ನು ಯಂತ್ರಕ್ಕೆ ಕಟ್ಟಿ ದಣಿಸಿ ನೋಡಿತು. ಕೊನೆಯವರೆಗೆ ಉಳಿದವು ಎರಡು ಅಲ್ಯೂಮಿನಿಯಂ ಫ್ರೇಮು, ಒಂದು ಕಾರ್ಬನ್ ಫ್ರೇಮು. ಉಕ್ಕಿನವೆಲ್ಲ ಬಿರುಕು ಬಿಟ್ಟವು. ಲೋಹದ ಹೆಸರಿಗಿಂತ ಅದನ್ನು ಎಷ್ಟು ತೆಳುಮಾಡಿದ್ದಾರೆ, ಹೇಗೆ ಬೆಸೆದಿದ್ದಾರೆ ಎಂಬುದು ದೊಡ್ಡದು. ಆದ್ದರಿಂದ ಹ್ಯಾಂಡಲಿನ ಕೆಳಗೆ ಕೊಳವೆಗಳು ಕೂಡುವಲ್ಲಿ, ಪೆಡಲಿನ ಅಚ್ಚಿನ ಸುತ್ತ, ಹಿಂದಿನ ಚಕ್ರ ಕೂರುವ ಕಡೆ ಒರೆಸಿ, ಟಾರ್ಚ್ ಹಿಡಿದು ನೋಡಬೇಕು. ಬಣ್ಣದಲ್ಲಿ ಕೂದಲಿನಂಥ ಗೆರೆ, ಗೆರೆಯಿಂದ ಇಳಿದ ತುಕ್ಕಿನ ಕಲೆ ಕಂಡರೆ ಅಲ್ಲಿಗೆ ಸವಾರಿ ನಿಲ್ಲಿಸಬೇಕು.

ಒಮ್ಮೆ ಬಿದ್ದ ಸೈಕಲ್ಲಿನ ಬಗ್ಗೆ ನಮ್ಮವರ ತೀರ್ಪು ಇನ್ನೂ ಬೇಗ ಬರುತ್ತದೆ: "ಈ ಗಾಡಿ ನಮಗೆ ಆಗಿಬರಲಿಲ್ಲ." ಎರಡು ಸಲ ಬಿದ್ದರೆ ನಿಂಬೆಹಣ್ಣು, ಮೂರನೇ ಸಲಕ್ಕೆ ಗುಜರಿ. ಸೈಕಲ್ಲಿಗೆ ಯಾರ ಮೇಲೂ ಹಗೆಯಿಲ್ಲ. ಮೊದಲ ಸಲ ಬಿದ್ದಾಗ ಫೋರ್ಕೋ ಹಿಂಭಾಗವೋ ಓರೆಯಾಗಿರುತ್ತದೆ, ಸೈಕಲ್ ಒಂದು ಕಡೆಗೆ ಎಳೆಯುತ್ತದೆ, ಅದೇ ಕಾರಣಕ್ಕೆ ಮತ್ತೆ ಬೀಳುತ್ತಾರೆ. ಇದನ್ನು ಕಂಡುಹಿಡಿಯಲು ಒಂದು ದಾರ ಸಾಕು. ಹಿಂದಿನ ಚಕ್ರ ಬಿಚ್ಚಿ, ಅದು ಕೂರುವ ಒಂದು ತುದಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲಿನ ಕೊಳವೆಯನ್ನು ಬಳಸಿ ಇನ್ನೊಂದು ತುದಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಎಷ್ಟು ದೂರವಿದೆ ಅಳೆಯಿರಿ. ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಫ್ರೇಮು ಓರೆಯಾಗಿದೆ. ಉಕ್ಕಿನದಾದರೆ ಅನುಭವಿ ಕುಶಲಕರ್ಮಿ ಅದನ್ನು ತಣ್ಣಗೇ ಬಾಗಿಸಿ ನೇರ ಮಾಡಬಲ್ಲರು. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮುಗಳಲ್ಲಿ ಆ ಸಾಹಸ ಬೇಡ. ಪೆಟ್ಟು ಬಿದ್ದ ಕಾರ್ಬನ್ ಫೋರ್ಕನ್ನು ಹೊರಗೆ ಚೆನ್ನಾಗಿ ಕಂಡರೂ ಬದಲಿಸಲೇಬೇಕು.

ಸರಿಮಾಡಿಸುವ ದಾರಿಯಲ್ಲಿ ಕೆಲವು ಬಲೆಗಳೂ ಇವೆ. ಆರು, ಏಳು ಗೇರಿನ ಹಳೆಯ ರೇಸ್ ಫ್ರೇಮುಗಳಲ್ಲಿ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ 126 ಮಿ.ಮೀ. ಜಾಗ. ನಂತರ ಬಂದ ಚಕ್ರಗಳಿಗೆ 130 ಬೇಕು. ಉಕ್ಕನ್ನು ಆ 4 ಮಿ.ಮೀ. ಅಗಲಿಸಬಹುದು. ಡಿಸ್ಕ್ ಬ್ರೇಕಿನ ಹೊಸ ಚಕ್ರಗಳಿಗೆ 142, ಅದರ ಆಸೆ ಬಿಡಬೇಕು. ಉಕ್ಕಿನ ಫ್ರೇಮಿನೊಳಗೆ ವರ್ಷಗಟ್ಟಲೆ ಕದಲಿಸದೆ ಬಿಟ್ಟ ಅಲ್ಯೂಮಿನಿಯಂ ಸೀಟ್ ಪೋಸ್ಟ್, ಮಳೆನೀರು ಸೇರಿ ತುಕ್ಕು ಊದಿಕೊಂಡು ಕಚ್ಚಿ ಹಿಡಿದಿರಬಹುದು. ಖರ್ಚಿಗೆ ಮುಂಚೆ ಅದು ಅಲುಗುತ್ತದೆಯೇ ನೋಡಿಕೊಳ್ಳಿ. ರಿಮ್ಮಿನ ಬದಿಗೆ ಸ್ಕೇಲಿನ ಅಂಚು ಹಿಡಿದಾಗ ನಡುವೆ ಬೆಳಕು ಕಂಡರೆ ಬ್ರೇಕು ರಿಮ್ಮನ್ನು ತಿಂದಿದೆ ಎಂದರ್ಥ. 100 ಪಿಎಸ್‌ಐ ಗಾಳಿ ತುಂಬಿದ ತೆಳು ಟೈರು ಅಂಥ ರಿಮ್ಮನ್ನು ಸೀಳಿಬಿಡಬಲ್ಲದು.

ಹೊಸ ಸೈಕಲ್ ಕೊಳ್ಳಬೇಕಾದ ಸಂದರ್ಭಗಳೂ ಇವೆ. ಫ್ರೇಮಿನಲ್ಲಿ ಬಿರುಕಿದ್ದರೆ, ಅಳತೆ ಸವಾರರಿಗೆ ಹೊಂದದಿದ್ದರೆ, ಚಕ್ರಗಳಿಂದ ಗೇರಿನವರೆಗೆ ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕಿದ್ದರೆ ಹೊಸದೇ ಮೇಲು. ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡರೆ, ಸಗಟಿನಲ್ಲಿ ಕೊಳ್ಳುವ ಕಂಪನಿ ಕೂಡಿಸಿಕೊಟ್ಟ ಇಡೀ ಸೈಕಲ್ಲಿಗಿಂತ ಹೆಚ್ಚು ಹಣ ಬೀಳುತ್ತದೆ.

ಧಾರವಾಡದ ಸೈಕಲ್ಲಿಗೆ ಇಷ್ಟೊಂದು ಬೇಡ. ಮಗಳನ್ನು ಸೀಟಿನ ಮೇಲೆ ಕೂರಿಸಿ ಎತ್ತರ ಹೊಂದುತ್ತದೆಯೇ ನೋಡಿ. ಟಾರ್ಚು, ದಾರ, ಸ್ಕೇಲು ಹಿಡಿದು ಒಂದು ಭಾನುವಾರ ಕೂತು ಪರೀಕ್ಷಿಸಿ. ಬಿರುಕಿಲ್ಲ, ಓರೆಯಿಲ್ಲ ಎಂದಾದರೆ ಚೈನ್, ಫ್ರೀವೀಲ್, ಕೇಬಲ್ಲುಗಳು, ಬ್ರೇಕ್ ಶೂ, ಎರಡು ಟೈರು ಹೊಸದಾಗಿ ಹಾಕಿಸಿ, ಬೇರಿಂಗುಗಳಿಗೆ ಹೊಸ ಗ್ರೀಸ್ ತುಂಬಿಸಿ. ಆ ಉಕ್ಕಿನ ಫ್ರೇಮನ್ನು ಗುಜರಿಗೆ ಕೊಡಬೇಡಿ.