ಬೈಗುಳವೇ ಆಟದ ಹಾಡಾದಾಗ

ಎಳೆಯರ ನಿರ್ಭಯದ ಮಾತು ಬಂದಾಗಲೆಲ್ಲ ಧ್ರುವ, ಪ್ರಹ್ಲಾದರ ಕಥೆಗಳು ನೆನಪಾಗುವುದು ಸಹಜ. ನನಗಾದರೋ ಅವರ ಜೊತೆಗೆ ನಮ್ಮ ಕಾಲದ ಬಾಲೆಯೊಬ್ಬಳು ಕಣ್ಮುಂದೆ ಸುಳಿಯುತ್ತಾಳೆ.

1960ರ ನವೆಂಬರ್ 14. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಅದುವರೆಗೆ ಬಿಳಿಯ ಮಕ್ಕಳಿಗೆ ಮಾತ್ರ ಮೀಸಲಾಗಿದ್ದ ಶಾಲೆಗೆ ನ್ಯಾಯಾಲಯದ ಆಜ್ಞೆಯಂತೆ ಕಪ್ಪು ಜನಾಂಗದ ಆರು ವರ್ಷದ ರೂಬಿ ಬ್ರಿಡ್ಜಸ್ ಕಾಲಿಟ್ಟಳು. ಜೊತೆಗೆ ಕೇಂದ್ರ ಸರ್ಕಾರದ ನಾಲ್ವರು ಮಾರ್ಷಲ್‌ಗಳು. ಬೀದಿಯಲ್ಲಿ ಕೂಗಾಡುವ ಜನ. ಆ ಗದ್ದಲವನ್ನು ಅವಳು ಊರಿನ ಮಾರ್ಡಿ ಗ್ರಾ ಉತ್ಸವವೆಂದೇ ಭಾವಿಸಿದಳು. ಅಷ್ಟೇ ಅಲ್ಲ, ಬಿಳಿಯರೊಡನೆ ಕಪ್ಪು ಮಕ್ಕಳು ಕೂಡಿ ಕಲಿಯಬಾರದೆಂದು ಅವರು ಕೂಗಿದ ಪ್ರಾಸಬದ್ಧ ಘೋಷಣೆಯನ್ನು ಕಲಿತು ಬಂದು, ಗೆಳತಿಯೊಡನೆ ಅದನ್ನೇ ಹಾಡುತ್ತ ಹಗ್ಗ ಜಿಗಿದು ಆಡಿದಳು!

ಬೈಗುಳ ನಾಟಬೇಕಾದರೆ ಕೇಳುವವರು ಅದನ್ನು ಬೈಗುಳವೆಂದು ಸ್ವೀಕರಿಸಬೇಕು. ರೂಬಿಯ ಕಿವಿಗೆ ಬಿದ್ದದ್ದು ತಾಳ ಮಾತ್ರ; ವಿಷ ಹೊರಗೇ ಉಳಿಯಿತು.

ಆದರೆ ಈ ಕವಚ ಬಹುಕಾಲ ಬಾಳುವಂಥದಲ್ಲ. ನಿನ್ನ ಬಣ್ಣದವರೊಡನೆ ಆಡಕೂಡದೆಂದು ಅಮ್ಮ ಹೇಳಿದ್ದಾಳೆ ಎಂದು ಒಬ್ಬ ಹುಡುಗ ಒಂದು ದಿನ ನುಡಿದಾಗ ಅವಳಿಗೆ ಎಲ್ಲವೂ ಅರ್ಥವಾಯಿತು. ಆ ವರ್ಷವಿಡೀ ಅವಳ ಬೆಂಬಲಕ್ಕೆ ನಿಂತವರು ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿ. ಬರಿದಾದ ತರಗತಿಯಲ್ಲಿ ಆ ಒಬ್ಬಳಿಗಾಗಿಯೇ ಅವರು ಪಾಠ ಹೇಳಿದರು.

ಮಗುವಿನ ನಗೆಯನ್ನು ಮೆಚ್ಚಿ ಸುಮ್ಮನಾಗುವುದು ನಮಗೆ ಸುಲಭ. ಮಾತಿನ ಅರ್ಥ ತಿಳಿದ ಮೇಲೂ ಆ ನಗೆ ಬಾಡದಂತೆ ಕಾಯುವುದೇ ಮನೆಯ ಹಿರಿಯರ, ನಮ್ಮಂಥ ಮೇಷ್ಟರ ಹೊಣೆ.