ಕೊಳೆರೋಗದ ಈಜುಗಾರ
ಆಟಿ ಮಳೆ ಹಿಡಿಯಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮಂಥ ಅಡಿಕೆ ಬೆಳೆಗಾರರಿಗೆ ಕೊಳೆರೋಗದ್ದೇ ಚಿಂತೆ. ಬುಡಕ್ಕುದುರಿದ ಎಳೆಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ, ಆಮೇಲೆ ಮೈತುಂಬ ಬಿಳಿ ಬೂಷ್ಟು. ಇದಕ್ಕೆ ಕಾರಣ ಶಿಲೀಂಧ್ರವೆಂದೇ ರೂಢಿಯ ಮಾತು. ಆದರೆ ಈ ರೋಗ ತರುವ ಫೈಟಾಪ್ತೊರಾ ಎಂಬ ಸೂಕ್ಷ್ಮಜೀವಿ, ವಂಶವಾಹಿ ನೋಡಿದರೆ, ಕಂದು ಪಾಚಿಗಳ ದಾಯಾದಿ! ಇದರ ಬೀಜಾಣುಗಳಿಗೆ ಎರಡೆರಡು ಬಾಲ. ಕಾಯಿಯ ಮೇಲಿನ ನೀರಿನ ಪಸೆಯಲ್ಲೇ ಈಜುತ್ತವೆ. ಗಾಳಿಮಳೆ ಬಿಡದಿದ್ದರೆ ಗೊನೆಯಿಂದ ಗೊನೆಗೆ ಸವಾರಿ.

ಶತಮಾನದ ಹಿಂದೆ ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನುಹತ್ತಿ ಬೋರ್ಡೋ ದ್ರಾವಣ ಹೇಳಿಕೊಟ್ಟರು. ವಿಟ್ಲದ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯವರ ಸಲಹೆಯೂ ಅದೇ: 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತು, ಸುಣ್ಣ. ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿ ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು.