ಕಮಾನಿಗೆ ದಾನಿಗಳುಂಟು, ಕಸಬರಿಗೆಗಿಲ್ಲ

ಹುಟ್ಟೂರಿನ ಸರ್ಕಾರಿ ಶಾಲೆಗೆ ಹಳೆಯ ವಿದ್ಯಾರ್ಥಿಗಳು ನೀಡುವ ದಾನದಲ್ಲೊಂದು ವಿಚಿತ್ರ ಅಸಮತೋಲನವಿದೆ. ಹೆಸರು ಕೆತ್ತಿಸಬಹುದಾದ ಕಮಾನು, ರಂಗಮಂದಿರಗಳಿಗೆ ದಾನಿಗಳು ಸಿಗುತ್ತಾರೆ. ವಿದ್ಯುತ್ ಬಿಲ್ಲು, ಶೌಚಾಲಯ ತೊಳೆಯುವವರ ಕೂಲಿ ಯಾರಿಗೂ ಬೇಡ. ಹೆಣ್ಣುಮಕ್ಕಳು ಓದು ಮುಂದುವರಿಸುವುದು ಎಷ್ಟೋ ಸಲ ಆ ಶೌಚಾಲಯವನ್ನೇ ಅವಲಂಬಿಸಿರುತ್ತದೆ. ಆದ್ದರಿಂದ ನಾವು ಕೆಲವರು ನಮ್ಮೂರ ಶಾಲೆಯ ಹೆಸರಿನಲ್ಲಿ ಠೇವಣಿಯಿಟ್ಟು, ಬಡ್ಡಿಯನ್ನು ಈ ವೆಚ್ಚಕ್ಕೆಂದೇ ಮೀಸಲಿಟ್ಟೆವು. ಉದ್ಘಾಟಿಸಲು ಏನೂ ಇಲ್ಲವೆಂದು ಗೆಳೆಯರೊಬ್ಬರು ಮುನಿಸಿಕೊಂಡರು, ಅದು ಬೇರೆ ಮಾತು.

ಕೊಡಲು ಓದಿದ ಶಾಲೆಯ ಋಣವೇ ಇರಬೇಕೆಂದೇನೂ ಇಲ್ಲ. ಅಕ್ಷರ ಕಲಿಯದ ಹರೇಕಳ ಹಾಜಬ್ಬ ಮಂಗಳೂರಿನಲ್ಲಿ ಕಿತ್ತಳೆ ಮಾರಿದ ದುಡ್ಡು ಕೂಡಿಸಿ, ಕಚೇರಿಗಳನ್ನು ಅಲೆದು, ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು. 2020ರ ಪದ್ಮಶ್ರೀ ಅವರಿಗೆ ಸಂದಿತು.

ಆದರೆ ಶಿಕ್ಷಕರ ಹುದ್ದೆ ತುಂಬುವುದು ದಾನಿಗಳ ಕೆಲಸವಲ್ಲ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೊಬ್ಬ ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದು ಸರ್ಕಾರದ ಹೊಣೆ. ನಾವು ಗೌರವಧನ ಕೊಟ್ಟು ಆ ಜಾಗ ತುಂಬಿಸಿದರೆ ಇಲಾಖೆಯ ಕಡತ ನಿಶ್ಚಿಂತೆಯಿಂದ ನಿದ್ರಿಸುತ್ತದೆ. ಕಡತಗಳ ನಡುವೆಯೇ ವೃತ್ತಿಜೀವನ ಕಳೆದವನಿಗೆ ಅದು ಚೆನ್ನಾಗಿ ಗೊತ್ತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಪೋಷಕರೊಡನೆ ಕುಳಿತು ಮನವಿ ಬರೆದುಕೊಡುವುದು, ಅದರ ಬೆನ್ನುಹತ್ತುವುದು ನನ್ನಂಥ ನಿವೃತ್ತರಿಗೆ ಒಗ್ಗುವ ಕೆಲಸ. ನಮ್ಮೂರ ಶಾಲೆಯ ಗಣಿತ ಶಿಕ್ಷಕರ ಹುದ್ದೆಗಾಗಿ ಮೂರನೆಯ ಮನವಿ ಕಳೆದ ವಾರ ಹೋಗಿದೆ.